ಎಮ್ಮೆಗೆ ಬೈದ ತೆಲುಗು

ಮೊಮ್ಮಗಳು ಫೋನಿನಾಗೆ ಕನ್ನಡ ಒತ್ತೋದು ಕಲಿಸಿಕೊಟ್ಟಿದ್ದಾಳೆ. ಒಂದು ಅಕ್ಷರ ಒತ್ತಿದ್ರೆ ಸಾಕು, ಮೇಲೆ ಮೂರು ಮಾತು ಬಂದು ನಿಂತ್ಕೊತಾವೆ, ಇದಾ, ಇದಾ, ಇದಾ ಅಂತ. ನಾನು ಹೇಳಾಕೆ ಹೊರಟಿದ್ದು ಆ ಮೂರರಾಗೆ ಯಾವ್ದೂ ಆಗಿರಲ್ಲ. ನಾನಿನ್ನೂ ಹುಡುಕ್ತಾ ಇರ್ತೀನಿ, ಅದು ಮುಂದೆ ಓಡಿರ್ತೈತೆ. ನಂಗೆ ಇದೇನು ಹೊಸದಲ್ಲ. ಮದುವೆಯಾಗಿ ಚನ್ನಗಿರಿಗೆ ಬಂದ ಹೊಸದ್ರಾಗೆ ಆ ಮನೆ ಮಂದಿ ಎಲ್ಲಾ ನಂಗೆ ಹಿಂಗೇ ಮಾಡ್ತಿದ್ರು.

ನನ್ನ ತವರು ಜಗಳೂರಿಂದ ಆಚೆ, ಆಂಧ್ರದ ಕಡೆ ಮುಖ ಮಾಡಿರೋ ಒಂದು ಊರು. ನಾವೂ ಲಿಂಗ ಕಟ್ಟೋರೇ, ಈಬತ್ತಿ ಹಚ್ಚೋರೇ. ಆದ್ರೆ ಮನೆ ಮಾತು ತೆಲುಗು. ಕನ್ನಡ ನಂಗೆ ಶಾಲೆಯಾಗೆ ಸಿಕ್ಕಿದ್ದು, ಅದೂ ನಾಲ್ಕನೇ ಕ್ಲಾಸಿನ ತನ, ಪುಸ್ತಕದಾಗೆ ಇರೋ ಹಂಗೆ. ಎಪ್ಪತ್ತನಾಲ್ಕೋ ಎಪ್ಪತ್ತೈದೋ ಇರ್ಬೇಕು, ಮದುವೆಯಾಗಿ ಬಂದ ಮಾರನೇ ದಿನ ಅತ್ತೆ ಮುಂದೆ ನಿಂತು, "ಅತ್ತೆಯವರೇ, ನಾನು ನೀರನ್ನು ತರಲೇ?" ಅಂದೆ. ಪಡಸಾಲೆಯಾಗೆ ಕೂತಿದ್ದ ಹೆಂಗಸ್ರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. "ಅಯ್ಯ, ಮೇಷ್ಟ್ರನ್ನ ಸೊಸೆ ಮಾಡ್ಕೊಂಡು ಬಂದೀಯಲ್ಲೇ ಅಕ್ಕಾ!" ಅಂದ್ಲು ಒಬ್ಬಾಕೆ. ನಾನೂ ನಕ್ಕೆ. ಆದ್ರೆ ತಡ ಮಾಡಿ ನಕ್ಕೆ. ಆಕೆ ಅಂದಿದ್ದನ್ನ ತಲೆಯಾಗೆ ತೆಲುಗಿಗೆ ತಿರುವಿ, ಅಲ್ಲಿ ಅರ್ಥ ಮಾಡ್ಕೊಂಡು, ನಗು ಬರೋದ್ರೊಳಗೆ ಎಲ್ರೂ ನಕ್ಕು ಮುಗಿಸಿ ಎಲೆ ಅಡಿಕೆಗೆ ಕೈ ಹಾಕಿದ್ರು. ಒಬ್ಬಳೇ ನಗೋದು ಅಂದ್ರೆ ಹೆಂಗಿರ್ತೈತೆ ಅನ್ನೋದು ಅವತ್ತು ಗೊತ್ತಾಯ್ತು.

ತವರಿನಾಗೆ ನಾನು ದೊಡ್ಡ ಬಾಯಿಬಡುಕಿ. ನಮ್ಮಪ್ಪ, "ಇದರ ನಾಲಿಗೆಗೆ ಮೂಗುದಾರ ಹಾಕ್ಬೇಕು" ಅಂತಿದ್ದ. ಅದೇ ನಾನು ಚನ್ನಗಿರಿಗೆ ಬಂದು ಮೂಗಿ ಆಗಿಬಿಟ್ಟೆ. ಬಾಯಿ ಇಲ್ಲ ಅಂತಲ್ಲ. ಮಾತು ಕಟ್ಟೋದ್ರೊಳಗೆ ಮಾತಾಡೋ ಜಾಗ ಖಾಲಿ ಆಗಿರ್ತಿತ್ತು. ಬರ್ತಾ ಬರ್ತಾ ಮನೆಯಾಗೆ ನಂಗೊಂದು ಹೆಸರು ಬಿತ್ತು, ಸುಮ್ನಿರೋ ಸೊಸೆ ಅಂತ. ಕೆಲವರು ಅದನ್ನ ಒಳ್ಳೇ ಗುಣ ಅಂದ್ಕೊಂಡ್ರು. ಯಜಮಾನ್ರೂ ಹಂಗೇ ಅಂದ್ಕೊಂಡಿದ್ರು ಅನ್ಸುತ್ತೆ. ಅವರೂ ಮಾತು ಕಮ್ಮಿ. ಇಬ್ಬರೂ ಎದುರು ಬದುರು ಕೂತ್ರೆ ಗೋಡೆ ಗಡಿಯಾರ ಒಂದೇ ಮಾತಾಡ್ತಿತ್ತು.

ನನ್ನ ಜೊತೆ ತವರಿಂದ ಬಳುವಳಿ ಅಂತ ಒಂದು ಎಮ್ಮೆ ಬಂದಿತ್ತು. ಲಾರಿಯಾಗೆ ಹತ್ತಿಸಿ ಕಳಿಸಿದ್ರು. ಆ ಎಮ್ಮೆಗೆ ಕನ್ನಡ ಬರ್ತಿರ್ಲಿಲ್ಲ. ನಗಬ್ಯಾಡ್ರಿ, ನಿಜ. ನಮ್ಮಮ್ಮ ಅದನ್ನ ಕರು ಇದ್ದಾಗಿಂದ ತೆಲುಗಿನಾಗೇ ಮಾತಾಡಿಸಿ ಸಾಕಿದ್ಲು. ಎಮ್ಮೆ ಅಂದ್ರೆ ಕೆಚ್ಚಲಿಗೆ ಕೈ ಹಾಕಿದ ಕೂಡ್ಲೇ ಹಾಲು ಬಿಡೋ ಪ್ರಾಣಿ ಅಲ್ಲ. ಮೈ ನೀವಬೇಕು, ಮಾತಾಡಿಸ್ಬೇಕು, ಅದಕ್ಕೆ ಮನಸ್ಸಾಗಬೇಕು, ಆಮೇಲೆ ಹಾಲು ಕೆಳಗೆ ಇಳಿಸ್ತೈತೆ. ಅತ್ತೆ ಮೊದಲ ದಿನ ಕರಿಯಾಕೆ ಕೂತು, "ಬಾರೇ ನನ್ನವ್ವ, ಬಿಡೇ ನನ್ನವ್ವ" ಅಂತ ಎಷ್ಟು ಅಂಗಲಾಚಿದ್ರೂ ಒಂದು ಲೋಟ ಸಿಗ್ಲಿಲ್ಲ. ಎರಡನೇ ದಿನ ಒದ್ದೇ ಬಿಡ್ತು. "ನೀನೇ ಕರ್ಕೋ ಹೋಗು, ನಿನ್ನ ಹಂಗೇ ಐತೆ" ಅಂತ ಚೆಂಬು ನನ್ನ ಕೈಗೆ ಕೊಟ್ರು.

ಹಿತ್ತಲ ಕೊಟ್ಟಿಗೆಯಾಗೆ ಕೂತು, ಎಮ್ಮೆ ಹೊಟ್ಟೆಗೆ ಹಣೆ ಒತ್ತಿ, "ಜರುಗವೇ ತಲ್ಲಿ, ಜರುಗು" ಅಂದೆ. ಪಕ್ಕಕ್ಕೆ ಸರಿಯೇ ತಾಯಿ, ಸರಿ ಅಂತ. ಸರೀತು. "ಪಾಲಿವ್ವವೇ ಬಂಗಾರು" ಅಂದೆ. ಹಾಲು ಕೊಡೇ ಚಿನ್ನ ಅಂತ. ಚೆಂಬಿನಾಗೆ ಚೊರ್ ಅಂತ ಸದ್ದು ಬಂತು. ನನ್ನ ಕಣ್ಣಾಗೆ ನೀರು ಬಂತು. ಆ ಊರಿನಾಗೆ ನನ್ನ ಮಾತು ತಿಳ್ಕೊಳ್ಳೋ ಜೀವ ಅದೊಂದೇ.

ಅವತ್ತಿಂದ ಬೆಳಿಗ್ಗೆ ಸಂಜೆ ಕೊಟ್ಟಿಗೆನೇ ನನ್ನ ತವರು. ಒಳಗೆ ನುಂಗ್ಕೊಂಡಿದ್ದು ಎಲ್ಲಾ ಅಲ್ಲಿ ಹೊರಗೆ ಬರ್ತಿತ್ತು. ಪಕ್ಕದ ಮನೆ ಮುದುಕಿ ಗೋಡೆ ಮೇಲಿಂದ ಇಣುಕಿ, "ಏನವ್ವ ಅದು, ದಿನಾ ಅಷ್ಟು ಹೊತ್ತು ಮಂತ್ರ ಹೇಳ್ತಿ?" ಅಂತ ಕೇಳಿದ್ಲು. "ಲಕ್ಷ್ಮಿ ಸ್ತೋತ್ರ ಅಜ್ಜಿ" ಅಂದೆ. ಪಾಪ, ಕೈ ಮುಗಿದು ಹೋದ್ಲು. ನಾನು ಹೇಳ್ತಿದ್ದ ಸ್ತೋತ್ರ ಎಲ್ಲಾ ನಮ್ಮತ್ತೆ ಮೇಲೆ.

ಅದೂ ಸುಮ್ನೆ ಶುರುವಾಗಿದ್ದಲ್ಲ. ಒಂದಿನ ಬೀಗರು ಉಣ್ಣಾಕೆ ಕೂತಿದ್ರು. ಅತ್ತೆ ಎಲ್ಲರ ಮುಂದೆ, "ನಮ್ಮ ಸೊಸೆಗೆ ಬಾಯಿ ಐತೆ ಅನ್ನೋದು ಉಣ್ಣಾಕೆ ಕೂತಾಗ್ಲೇ ಗೊತ್ತಾಗೋದು" ಅಂದ್ರು. ಅವತ್ತು ಮಾತ್ರ ತಿರುವಿ ಹಾಕೋ ಕೆಲಸ ಇರ್ಲಿಲ್ಲ, ನೆಟ್ಟಗೆ ಎದೆಗೆ ಬಂತು. ಸಂಜೆ ಕೊಟ್ಟಿಗೆಗೆ ಹೋಗಿ ಎಮ್ಮೆ ಕಿವಿಯಾಗೆ ಅಂದೆ, "ಈ ಮುಸಲಿದಾನಿ ನೋರು ಪಡಿಪೋನು." ಈ ಮುದುಕಿ ಬಾಯಿ ಬಿದ್ದು ಹೋಗ ಅಂತ. ಅಂದ ಕೂಡ್ಲೇ ಎದೆ ಹಗುರ ಆಯ್ತು. ಅದನ್ನೇ ಕನ್ನಡದಾಗೆ ಅನ್ನು ಅಂದಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ. ಕನ್ನಡದಾಗೆ ನಾನು ಮರ್ಯಾದಸ್ತೆ, ಸುಮ್ನಿರೋ ಸೊಸೆ. ತೆಲುಗಿನಾಗೆ ಬಜಾರಿ. ಒಂದೇ ತಲೆಯಾಗೆ ಇಬ್ಬರು ಓರಗಿತ್ತೀರು ಇದ್ದಂಗೆ. ಒಬ್ಬಳು ಒಲೆ ಮುಂದೆ ಕೂತ್ರೆ ಇನ್ನೊಬ್ಬಳು ಮೂತಿ ತಿರುವಿ ಹಿತ್ತಲಿಗೆ ಹೋಗ್ತಿದ್ಲು.

ಹಿಂಗೇ ಎಂಟೊಂಬತ್ತು ವರ್ಷ ಹೋಯ್ತು. ಮಕ್ಕಳಾದ್ವು. ಅವು ಬೀದಿ ಕನ್ನಡನೇ ಆಡಿದ್ವು, ನಾನು ತೆಲುಗು ಅಂದ್ರೆ ಕಿಸಕ್ ಅಂತ ನಗ್ತಿದ್ವು. ಎಮ್ಮೆಗೂ ಮಗಳು ಹುಟ್ಟಿ, ಅದೂ ಹಾಲು ಕೊಡೋ ಹಂಗಾಯ್ತು. ಹುಟ್ಟಿದ್ದು ಚನ್ನಗಿರಿಯಾಗೆ ಆದ್ರೂ ಅದರ ಮನೆ ಮಾತು ತೆಲುಗು. ನನ್ನ ಹೊಟ್ಟೇಲಿ ಹುಟ್ಟಿದವು ಕಲೀಲಿಲ್ಲ, ಎಮ್ಮೆ ಹೊಟ್ಟೇಲಿ ಹುಟ್ಟಿದ್ದು ಕಲೀತು.

ಒಂದು ಬೆಳಿಗ್ಗೆ ಅತ್ತೆ ಬಟ್ಟೆ ಒಗೆಯೋ ಕಲ್ಲಿನ ಹತ್ರ ಕುಸಿದ್ರು. ಬಲಗೈ, ಬಲಗಾಲು ಜೋತು ಬಿದ್ದಿತ್ತು. ಬಾಯಿ ಒಂದು ಕಡೆ ಸೊಟ್ಟ. ಏನೋ ಹೇಳಾಕೆ ನೋಡ್ತಾರೆ, ಬ ಬ ಅನ್ನೋದು ಬಿಟ್ಟು ಏನೂ ಬರ್ತಿಲ್ಲ. ಲಕ್ವ ಹೊಡೆದಿತ್ತು. ಯಜಮಾನ್ರು ಜೀಪು ಮಾಡ್ಕೊಂಡು ದಾವಣಗೆರೆಗೆ ಓಡಿಸಿದ್ರು. ನಾನು ಹಿಂದೆ ಅತ್ತೆ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದೆ. ದಾರಿ ಉದ್ದಕ್ಕೂ ನನ್ನ ತಲೆಯಾಗೆ ಒಂದೇ ಮಾತು. ನೋರು ಪಡಿಪೋನು. ನಾನು ಅಂದೆ, ಬಿತ್ತು.

ಅಲ್ಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟ್ರು. "ಮಿದುಳಲ್ಲಿ ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿದೆ. ಯೋಚ್ನೆ ಇದೆ, ಮಾತು ಸಿಗ್ತಿಲ್ಲ. ದಿನಾ ಕೂತು ಮಾತಾಡ್ಸಿ. ಸಾಮಾನು ತೋರ್ಸಿ, ಹೆಸರು ಹೇಳ್ಸಿ. ಹುಟ್ಟಿದಾಗಿಂದ ಆಡಿರೋ ಮಾತು ಆಳದಲ್ಲಿರುತ್ತೆ, ಅದೇ ಮೊದ್ಲು ವಾಪಸ್ ಬರಬಹುದು" ಅಂದ್ರು. ಯಜಮಾನ್ರು ನನ್ನ ಕಡೆ ತಿರುಗಿ, "ಮನೆಯಾಗೆ ಇರೋಳು ನೀನೇ. ಅವ್ವಂಗೆ ಮಾತು ಕಲಿಸೋದು ನಿನ್ನ ಕೆಲಸ" ಅಂದ್ರು. ಮೂಗಿ ಸೊಸೆಗೆ ಮಾತು ಕಲಿಸೋ ಕೆಲಸ ಬಂತು.

ಮನೆಗೆ ಕರ್ಕೊಂಡು ಬಂದ ಮೇಲೆ ಚೆಂಬು ತೋರಿಸ್ದೆ, ಸೌಟು ತೋರಿಸ್ದೆ, ಮೊಮ್ಮಕ್ಕಳನ್ನ ತೋರಿಸ್ದೆ. ಬ ಬ. ಅತ್ತೆ ಸಿಟ್ಟಿಂದ ಎಡಗೈಲಿ ಚೆಂಬು ತಳ್ಳೋರು, ಆಮೇಲೆ ಗೋಡೆ ಕಡೆ ತಿರುಗಿ ಅಳೋರು. ನನಗೂ ಅಪರಾಧದ ಭಾರ. ಕೊಟ್ಟಿಗೆಯಾಗೆ ಬಾಯಿ ಬಿಡೋದೇ ನಿಲ್ಲಿಸಿಬಿಟ್ಟೆ. ಎಮ್ಮೆ ತಿರುಗಿ ತಿರುಗಿ ನೋಡ್ತಿತ್ತು. ಹಾಲು ಅರ್ಧಕ್ಕೆ ಇಳೀತು.

ಒಂದಿನ ಅತ್ತೆ ಮಂಚನ ಬಿಸಿಲಿಗೆ ಅಂತ ಹಿತ್ತಲ ಜಗಲಿಗೆ ಹಾಕಿದ್ವಿ. ನಾನು ಕೊಟ್ಟಿಗೆಯಾಗೆ ಸುಮ್ನೆ ಕೆಚ್ಚಲು ನೀವ್ತಾ ಕೂತಿದ್ದೆ. ಎಮ್ಮೆ ನನ್ನ ಗೋಡೆಗೆ ಒತ್ತಿ ನಿಂತಿತ್ತು, ಅಲ್ಲಾಡ್ತಿಲ್ಲ. ಆಗ ಹಿಂದಿಂದ ಒಂದು ಧ್ವನಿ.

"ಜರುಗವೇ ತಲ್ಲಿ, ಜರುಗು."

ಎಮ್ಮೆ ಸರೀತು. ನಾನು ಅಲ್ಲೇ ಕಲ್ಲಾದೆ. ಧ್ವನಿ ಅತ್ತೇದು, ರಾಗ ನಂದು. ನಾನು ಎಳೆಯೋ ಕಡೆ ಎಳೆದು, ನಿಲ್ಲಿಸೋ ಕಡೆ ನಿಲ್ಲಿಸಿ. ತಿರುಗಿ ನೋಡಿದ್ರೆ ಅತ್ತೆ ಮಂಚದ ಮೇಲೆ ಎದ್ದು ಕೂತಿದ್ದಾರೆ, ಸೊಟ್ಟ ಬಾಯಿ ತೆಗೆದುಕೊಂಡು, ತಮ್ಮ ಬಾಯಿಂದ ಏನು ಬಂತು ಅಂತ ತಾವೇ ಬೆರಗಾಗಿ. ಇನ್ನೊಂದು ಸಲ ಅಂದ್ರು, "ಪಾಲಿವ್ವವೇ ಬಂಗಾರು." ಚೆಂಬಿನಾಗೆ ಚೊರ್ ಅಂತು.

ನನಗೆ ಮೊದಲು ಬಂದಿದ್ದು ಖುಷಿ ಅಲ್ಲ, ಹೆದರಿಕೆ. ಇದು ಗೊತ್ತು ಅಂದ್ರೆ, ಉಳಿದದ್ದೂ ಗೊತ್ತಾ?

ಅತ್ತೆ ಸಾಸ್ವೆಹಳ್ಳಿ ಹತ್ರ ಹೊಳೆ ದಂಡೆಯಾಗೆ ಹುಟ್ಟಿದ ಅಪ್ಪಟ ಕನ್ನಡದ ಹೆಂಗಸು. ಐವತ್ತೆಂಟೋ ಅರವತ್ತೋ ವರ್ಷ ಬರೀ ಕನ್ನಡ ಆಡಿದವ್ರು. ಅದೆಲ್ಲಾ ತೊಳ್ಕೊಂಡು ಹೋಗಿ, ಕೊಟ್ಟಿಗೆಯಿಂದ ತೇಲಿ ಬಂದ ನನ್ನ ತೆಲುಗು ಉಳ್ಕೊಂಡಿತ್ತು. ಮತ್ತೆ ತೋರಿಸಾಕೆ ಹೋದಾಗ ಡಾಕ್ಟ್ರೇ ಎರಡು ಸಲ ಕೇಳಿದ್ರು, ನಿಜವಾ ಅಂತ. "ಹೀಗೂ ಆಗುತ್ತಮ್ಮ, ಅಪರೂಪ. ಎರಡು ಭಾಷೆ ಒಳಗೆ ಹೆಣ್ಕೊಂಡೇ ಇರ್ತವೆ. ಒಂದನ್ನ ಆಡ್ಬೇಕಾದ್ರೆ ಇನ್ನೊಂದನ್ನ ತಡೆದು ಹಿಡೀಬೇಕು. ಆ ಹಿಡಿತಕ್ಕೇ ಪೆಟ್ಟು ಬಿದ್ರೆ ಯಾವುದು ಹೊರಗೆ ಬರುತ್ತೆ, ಯಾವುದು ಒಳಗೇ ಉಳಿಯುತ್ತೆ ಹೇಳೋಕಾಗಲ್ಲ. ನೀವು ಕನ್ನಡ ಮಾತ್ರ ಬಿಡ್ಬೇಡಿ" ಅಂದ್ರು. ನಾನು ಹೂಂ ಅಂದೆ.

ಹೂಂ ಅಂದು ಬಂದು ನಾನು ಮಾಡಿದ್ದು ಬೇರೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಈಗ ಒತ್ತಿಬಿಡ್ತೀನಿ.

ಕನ್ನಡ ಕಲಿಸ್ಲಿಲ್ಲ. ತೆಲುಗು ಕಲಿಸ್ದೆ.

ಮೊದಲು ಬೇಕಂತ ಮಾಡಿದ್ದಲ್ಲ. ನೀರು ಬೇಕಾ ಅಂದ್ರೆ ಸುಮ್ನೆ ನೋಡೋರು, "ನೀಳ್ಳಾ?" ಅಂದ್ರೆ "ನೀಳ್ಳು, ನೀಳ್ಳು" ಅನ್ನೋರು. ಯಾವ ಬಾಗಿಲು ತೆರೆದಿತ್ತೋ ಅದರಾಗೆ ಹೋದೆ. ಆದ್ರೆ ಹೋದವಳು ಅಲ್ಲೇ ಕೂತುಬಿಟ್ಟೆ. ಅತ್ತೆ ಹತ್ರ ಇದ್ದ ತೆಲುಗೆಲ್ಲಾ ಎಮ್ಮೆಗೆ ಆಡೋ ತೆಲುಗು. ಹಂಗಾಗಿ ನನ್ನ ಕರೀಬೇಕಾದ್ರೆ "ಬಂಗಾರು" ಅಂತ ಕರೆಯೋರು. ಅವರಿಗೆ ಬೇರೆ ಮಾತು ಗೊತ್ತಿರ್ಲಿಲ್ಲ ಅಷ್ಟೇ. ಆದ್ರೆ ನಮ್ಮಮ್ಮ ತೀರಿಕೊಂಡ ಮೇಲೆ ನನ್ನ ಬಂಗಾರು ಅಂದವರು ಅವರೊಬ್ಬರೇ. ಕರೆದಾಗೆಲ್ಲಾ ಅಡುಗೆಮನೆಯಿಂದ ಓಡಿ ಹೋಗ್ತಿದ್ದೆ.

ಮಕ್ಕಳು ಶಾಲೆಗೆ, ಯಜಮಾನ್ರು ಆಫೀಸಿಗೆ ಹೋದ ಮೇಲೆ ನಾವಿಬ್ರೇ. ನಾನು ನಮ್ಮೂರಿನ ಕತೆ ಹೇಳ್ತಿದ್ದೆ, ನಮ್ಮಪ್ಪ ಮೇಕೆ ಹಿಡಿಯಾಕೆ ಹೋಗಿ ಕಳ್ಳಿ ಮೇಲೆ ಬಿದ್ದಿದ್ದು ಹೇಳ್ತಿದ್ದೆ. ಅತ್ತೆ ಅರ್ಧ ಬಾಯಾಗೆ ನಗೋರು. ನಾನು ಹೇಳಿ ಮುಗಿಸಿದ ಕೂಡ್ಲೇ ನಗೋರು, ನಾನೂ ಅವಾಗ್ಲೇ ನಗ್ತಿದ್ದೆ. ಆ ಮನೆಯಾಗೆ ಮೊದಲನೇ ಸಲ ಒಬ್ಬರ ಜೊತೆ ಸಮಕ್ಕೆ ನಕ್ಕೆ.

ಸಂಜೆ ಯಜಮಾನ್ರು ಬಂದು, "ಅವ್ವ ಏನಂತಾಳೆ?" ಅಂತ ಕೇಳೋರು. ಈಗ ನಾನೇ ದೊಡ್ಡ ದುಭಾಷಿ. ಒಂದಿನ ಅತ್ತೆ ಮಗನ್ನ ನೋಡಿ "ಗಡ್ಡಿ ತಿನು" ಅಂದ್ರು. ಹುಲ್ಲು ತಿನ್ನು ಅಂತ. ಊಟ ಮಾಡಪ್ಪ ಅನ್ನಾಕೆ ಅವರ ಹತ್ರ ಇದ್ದಿದ್ದು ಅದೊಂದೇ. ನಾನು, "ಹೊಟ್ಟೆ ತುಂಬ ಉಣ್ಣು ಅಂತಾರೆ ರೀ" ಅಂದೆ. ಅದು ಸರಿನೇ ಆಯ್ತು. ಇನ್ನೊಂದಿನ ಅತ್ತೆ ಏನೂ ಅಂದೇ ಇರ್ಲಿಲ್ಲ, ಬರೀ ಕೆಮ್ಮಿದ್ರು. "ಸೊಸೆಗೆ ಒಂದು ಇಳಕಲ್ ಸೀರೆ ತಂದ್ಕೊಡು ಅಂತಾರೆ" ಅಂದೆ. ವಾರದಾಗೆ ತಂದ್ರು, ಹಸಿರು ಬಣ್ಣದ್ದು. ಅತ್ತೆಗೆ ತೋರಿಸಿದ್ರೆ ಸೆರಗು ಮುಟ್ಟಿ ನೋಡಿ, ನನ್ನ ಮುಖ ನೋಡಿ, ಒಂದು ಕಣ್ಣು ಸಣ್ಣ ಮಾಡಿದ್ರು. ಲಕ್ವದ ಕಣ್ಣಲ್ಲ, ಇನ್ನೊಂದು.

"ಕನ್ನಡ ಒಂದು ಮಾತಾದ್ರೂ ಬಂತೇನೆ?" ಅಂತ ಅವರು ಕೇಳಿದ್ರೆ, "ಇಲ್ಲ ರೀ, ದಿನಾ ಹೇಳಿಸ್ತಾ ಇದೀನಿ" ಅಂತಿದ್ದೆ. ಅವರು ಟೋಪಿ ತೆಗೆದು ಗೂಟಕ್ಕೆ ಹಾಕಿ, ಅವ್ವನ ಕಾಲ ಹತ್ರ ಸ್ವಲ್ಪ ಹೊತ್ತು ಕೂತು, ಎದ್ದು ಹೋಗೋರು. ಆ ಬೆನ್ನು ನೋಡಿ, ನಾಳೆಯಿಂದ ಕನ್ನಡ ಹೇಳಿಸ್ತೀನಿ ಅಂದ್ಕೊಳ್ತಿದ್ದೆ. ಮಾರನೇ ದಿನ ಮತ್ತೆ ತೆಲುಗೇ.

ನನ್ನ ನಾದಿನಿನ ನ್ಯಾಮತಿಗೆ ಕೊಟ್ಟಿತ್ತು. ಹದಿನೈದು ದಿನಕ್ಕೊಮ್ಮೆ ಹೊನ್ನಾಳಿ ಮೇಲೆ ಎರಡು ಬಸ್ಸು ಬದಲಾಯಿಸಿ ಬರೋಳು. ಬಂದ ಕೂಡ್ಲೇ ಅವ್ವನ ಮುಂದೆ ಕೂತು, "ಅವ್ವಾ, ನಾನ್ಯಾರು? ಹೇಳವ್ವ, ನಾನ್ಯಾರು?" ಅನ್ನೋಳು. ಅತ್ತೆ ಅವಳ ಗಲ್ಲ ಹಿಡ್ಕೊಂಡು, ತುಟಿ ಒದ್ದಾಡಿಸಿ, ಕೊನೆಗೆ "ತಲ್ಲಿ" ಅನ್ನೋರು. ಅವಳು ಅಳೋಳು. ಅವಳಿಗೆ ಬೇಕಿದ್ದಿದ್ದು ಮಗಳೇ ಅನ್ನೋ ಒಂದು ಮಾತು.

ಒಂದು ಮಧ್ಯಾಹ್ನ ಅವಳು ಹೇಳ್ದೆ ಕೇಳ್ದೆ ಬಂದಿದ್ಲು. ನಾವು ನೋಡಿರ್ಲಿಲ್ಲ. ನಾನು ಅತ್ತೆ ತಲೆ ಬಾಚ್ತಾ ಚೆಂಬು, ಸೌಟು ಎಲ್ಲಾದಕ್ಕೂ ತೆಲುಗು ಹೇಳಿಸ್ತಿದ್ದೆ. ಸೌಟಿಗೆ ಗರಿಟೆ, ಹೊಸಿಲಿಗೆ ಗಡಪ. ಅತ್ತೆ ಚೆನ್ನಾಗಿ ಹೇಳ್ತಿದ್ರು. ಬಾಗಿಲ ಹತ್ರ ಚೀಲ ಇಟ್ಟ ಸದ್ದಾಯ್ತು. ನಾದಿನಿ ಜಗಳ ಆಡ್ತಾಳೆ ಅಂದ್ಕೊಂಡೆ. ಆಡ್ಲಿಲ್ಲ. ನನ್ನ ಹಿತ್ತಲಿಗೆ ಕರ್ಕೊಂಡು ಹೋಗಿ, ಮೆಲ್ಲಗೆ ಅಂದ್ಲು.

"ನಮ್ಮವ್ವನ್ನ ನಿಮ್ಮ ತವರಿಗೆ ಕರ್ಕೊಂಡು ಹೋಗಿಬಿಟ್ರಲ್ಲ ಅತ್ತಿಗೆ."

ನಾನು ತಲೆ ತಗ್ಗಿಸ್ದೆ.

"ಒಂದು ಹೇಳ್ಲಾ? ಅವ್ವ ನಮ್ಮನೆಗೆ ಬಂದಾಗೆಲ್ಲಾ ನಿಮ್ಮ ಹಂಗೆ ಮಾಡಿ ತೋರಿಸ್ತಿದ್ಲು. ಕುಕ್ಕರಗಾಲಲ್ಲಿ ಕೂತು, ಗೋಡೆಗೆ ಹಣೆ ಒತ್ತಿ, ಜರುಗವೇ ತಲ್ಲಿ ಅಂತ. ನಾವು ಹೊಟ್ಟೆ ಹಿಡ್ಕೊಂಡು ನಗ್ತಿದ್ವಿ. ದಿನಾ ನಸುಕಿಗೆ ಎದ್ದು ಹಿತ್ತಲ ಬಾಗಿಲ ಹಿಂದೆ ಕೂರ್ತಿದ್ದಳಂತೆ, ನಿಮ್ಮ ಮಾತು ಕೇಳಾಕೆ. ಮನೆಯಾಗೆ ಯಾರೂ ಮಾತಾಡಲ್ಲ ಕಣೇ, ಅದೊಂದು ರೇಡಿಯೋ ನಂಗೆ, ಅಂತಿದ್ಲು."

"ಬೈಗುಳನೂ ತೋರಿಸ್ತಿದ್ರಾ?" ಅಂದೆ.

"ಬಾಯಿ ಬಿದ್ದೋಗ್ಲಿ ಅನ್ನೋದಾ? ಅದೇ ಅವಳಿಗೆ ಭಾಳ ಇಷ್ಟ. ತನ್ನ ತವರೂರಿನ ತೆಲುಗಮ್ಮ ಒಬ್ಬಳ ಹತ್ರ ಅರ್ಥ ಕೇಳ್ಕೊಂಡು ಬಂದಿದ್ಲು. ಪರವಾಗಿಲ್ಲ, ಒಳಗೆ ಖಾರ ಐತೆ ಹುಡುಗಿಗೆ, ಅಂದಿದ್ಲು."

ಅಷ್ಟು ವರ್ಷ ಬಾಗಿಲ ಒಂದು ಕಡೆ ನಾನು, ಇನ್ನೊಂದು ಕಡೆ ಅವರು. ನಡುವೆ ಎರಡು ಅಂಗುಲ ಹಲಗೆ. ಯಾರಾದ್ರೂ ಒಬ್ಬರು ಎದ್ದು ಬಂದು ಒಂದು ಸಲ ಎದುರು ಬೈದಿದ್ರೂ ಇಬ್ಬರಿಗೂ ಜೊತೆ ಸಿಕ್ತಿತ್ತು.

ಅವತ್ತೇ ಅಟ್ಟದ ಕೆಳಗೆ ಬಿದ್ದಿದ್ದ ಬೀಸೋಕಲ್ಲು ಎಳೆದು ತಂದೆ. ಗಿರಣಿ ಬಂದ ಮೇಲೆ ಅದು ಹೆಸರುಬೇಳೆ ಒಡ್ಯಾಕೆ ಮಾತ್ರ ಇತ್ತು. ಆದ್ರೆ ಅತ್ತೆ ಬೀಸಾಕೆ ಕೂತ್ರೆ ಹಾಡು ತಾನಾಗೇ ಬರ್ತಿತ್ತು ಅನ್ನೋದು ನಂಗೆ ನೆನಪಿತ್ತು. ಅವರನ್ನ ಕೂರಿಸಿ, ಗೂಟದ ಮೇಲೆ ಅವರ ಸತ್ತ ಬಲಗೈ ಇಟ್ಟು, ಮೇಲೆ ನನ್ನ ಕೈ ಇಟ್ಟು ತಿರುಗಿಸ್ದೆ. ಹಾಡು ಯಾರು ಶುರು ಮಾಡ್ಬೇಕು? ನಂಗೆ ಅವರ ಹಾಡು ಸರಿಯಾಗಿ ಬರ್ತಿರ್ಲಿಲ್ಲ. ಕೇಳಿದ್ದಷ್ಟು ತಿರುವಿ ಮುರುವಿ ಹಾಡಿದೆ. ಹೊಳೆ ದಂಡೆ ಹಾಡು ನನ್ನ ಬಾಯಾಗೆ ತೆಲುಗಮ್ಮನ ಹಾಡು ಆಗಿತ್ತು. ಮೂರು ದಿನ ಅತ್ತೆ ಸುಮ್ನೆ ಸಹಿಸ್ಕೊಂಡ್ರು. ನಾಲ್ಕನೇ ದಿನ ನಾನು ಬೇಕಂತಲೇ ಇನ್ನೂ ಕೆಡಿಸಿ ಹಾಡಿದೆ. ಅವರ ಮುಖ ಕೆಂಪಾಯ್ತು. ಕಲ್ಲು ತಡೆದು ಹಿಡಿದ್ರು.

"ಥೂ! ಹಂಗಲ್ಲ!"

ಕನ್ನಡ ಬಂದಿತ್ತು. ಬೈಗುಳದ ಬೆನ್ನ ಹಿಂದೆ ಹಾಡು ಬಂತು, ಸರಿಯಾದ ರಾಗದಾಗೆ, ಒಂದು ಸಾಲು, ಅರ್ಧ ಸಾಲು. ಅವರು ಹಾಡ್ತಾ ಇದ್ರು, ಕಲ್ಲು ತಿರುಗ್ತಾ ಇತ್ತು, ನಾನು ಅಳ್ತಾ ಇದ್ದೆ. ಖುಷಿಗೆ ಅಳ್ತಿದ್ದೀನಿ ಅಂತ ಯಜಮಾನ್ರಿಗೆ ಹೇಳಿದೆ. ಅರ್ಧ ಅದು ನಿಜ.

ಆಮೇಲೆ ದಿನಕ್ಕೊಂದು ಮಾತು. ಹಾಡಿನಿಂದ ಕಳಚಿ ಬಿದ್ದ ಮಾತು ಬಾಯಿಗೆ ಬಂದು ಸೇರ್ತಿತ್ತು. ನಾದಿನಿ ಬಂದಾಗ "ಮಗಳೇ" ಅಂದ್ರು, ಅವಳು ಚೀಲ ಇಳಿಸೋ ಮೊದಲೇ. ಅವಳು ನನ್ನ ಕಡೆ ನೋಡಿದ ನೋಟ ಇವತ್ತಿಗೂ ಮರೆಯಾಕಾಗಿಲ್ಲ.

ಕನ್ನಡ ಒಂದೊಂದೇ ಹೆಜ್ಜೆ ಒಳಗೆ ಬಂದಂಗೆ ತೆಲುಗು ಒಂದೊಂದೇ ಹೆಜ್ಜೆ ಹೊರಗೆ ಹೋಯ್ತು. ಮೊದಲು ಗರಿಟೆ ಹೋಯ್ತು, ಗಡಪ ಹೋಯ್ತು. ಕೊನೆಗೆ ನೀಳ್ಳು ಹೋಯ್ತು. ಒಂದಿನ ಪಕ್ಕದಾಗೆ ಕೂತು, "ಆಕಲಿಗಾ ಉಂದಾ?" ಅಂದೆ, ಹಸಿವಾಗೈತಾ ಅಂತ. ಅತ್ತೆ ನನ್ನ ಮುಖ ನೋಡಿ, "ಏನಂದಿ?" ಅಂದ್ರು. ತಮಾಷೆ ಮಾಡ್ತಾರೆ ಅಂದ್ಕೊಂಡು ಆ ಒಳ್ಳೇ ಕಣ್ಣು ನೋಡಿದೆ. ಅದು ಸಣ್ಣ ಆಗ್ಲಿಲ್ಲ. ಮತ್ತೆ ನನ್ನ "ಏನೇ ಹುಡ್ಗಿ" ಅಂತ ಕರೆಯಾಕೆ ಶುರು ಮಾಡಿದ್ರು. ಪ್ರೀತಿಯಿಂದಲೇ ಕರೀತಿದ್ರು, ಸುಳ್ಳು ಹೇಳಬಾರ್ದು. ಆದ್ರೆ ಬಂಗಾರು ಅನ್ನೋದು ಆ ಮನೆಯಾಗೆ ಮತ್ತೆ ಎಮ್ಮೆ ಹೆಸರಾಯ್ತು.

ಅವರು ಕೋಲು ಹಿಡಿದು ಓಡಾಡೋ ಹಂಗಾದ ಮೇಲೆ ಒಂದು ಬೆಳಿಗ್ಗೆ ಕೊಟ್ಟಿಗೆಗೇ ಬಂದ್ರು. ಬಾಗಿಲ ಹಿಂದೆ ಅಲ್ಲ, ಒಳಗೆ. ಮಣೆ ಹಾಕ್ಕೊಂಡು ನನ್ನ ಪಕ್ಕದಾಗೆ ಕೂತ್ರು. ನಾನು ಸುಮ್ನೆ ಕೆಚ್ಚಲು ತೊಳೀತಿದ್ದೆ.

"ಯಾಕೆ ಸುಮ್ನಿದ್ದಿ?" ಅಂದ್ರು.

"ಏನಿಲ್ಲ ಅತ್ತೆ."

"ಬೈಯಿ."

"ಯಾರಿಗೆ ಅತ್ತೆ?"

"ನಂಗೇ ಕಣೇ. ಮುಂಚೆ ಬೈತಿದ್ಯಲ್ಲ. ಈಗ ಅರ್ಥ ಆಗಲ್ಲ, ಆದ್ರೆ ಕೇಳಾಕೆ ಚೆಂದ ಇತ್ತು. ಬೈಯಿ."

ನಾನು ಎಮ್ಮೆ ಹೊಟ್ಟೆಗೆ ಹಣೆ ಒತ್ತಿದೆ. ಬೈಯಾಕೆ ಬಾಯಿ ತೆಗೆದೆ. ತೆಲುಗಿನಾಗೆ ಹುಡುಕಿದೆ, ಆ ಬಜಾರಿ ಎಲ್ಲಿ ಹೋಗಿದ್ಲೋ, ಎದ್ದು ಬರ್ಲಿಲ್ಲ. ಬಾಯಿಂದ ಬಂದಿದ್ದು ಕನ್ನಡ. "ಏನ್ ಬೈಲಿ ಅತ್ತೆ, ನಿಮ್ಗೆ?" ಅಂದೆ.

ಅತ್ತೆ ನಕ್ಕು ನನ್ನ ಬೆನ್ನ ಮೇಲೆ ಎಡಗೈ ಇಟ್ರು. ಎಮ್ಮೆ ಒಂದು ಸಲ ಕತ್ತು ತಿರುಗಿಸಿ ನನ್ನ ನೋಡ್ತು. ಅವತ್ತು ಹಾಲು ಬಿಡ್ಲಿಲ್ಲ.